ಬಡ್ಡಿ ಎಷ್ಟು ಎಂದು ಕೇಳುವ ಮೊದಲು

ಬಂದ ಪತ್ರಗಳಲ್ಲಿ ಈ ಸಲವೂ ಅದೇ ಪ್ರಶ್ನೆ ಮತ್ತೆ ಮತ್ತೆ ಇದೆ. ನಿವೃತ್ತಿಯ ಹಣವನ್ನು ಜಾಸ್ತಿ ಬಡ್ಡಿ ಕೊಡುವ ಸೊಸೈಟಿಯಲ್ಲಿ ಇಡಬಹುದಾ ಅಂತ. ಎಷ್ಟು ಸಲ ಹೇಳಿದರೂ ಮುಗಿಯುತ್ತಿಲ್ಲ. ಹಾಗಾಗಿ ಇವತ್ತು ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನನಗೆ 58 ವರ್ಷ. ಮುಂದಿನ ತಿಂಗಳು ಕಾರ್ಖಾನೆಯಿಂದ ನಿವೃತ್ತಿ. ಪಿಎಫ್, ಗ್ರಾಚ್ಯುಟಿ ಸೇರಿ 42 ಲಕ್ಷ ಬರುತ್ತದೆ. ನಮ್ಮೂರಿನ ಸೌಹಾರ್ದ ಸಹಕಾರಿಯಲ್ಲಿ ಶೇ 11 ಬಡ್ಡಿ ಕೊಡುತ್ತಾರೆ. ನಿರ್ದೇಶಕರಲ್ಲಿ ಒಬ್ಬರು ನಮ್ಮ ಸಂಬಂಧಿಕರೇ. ಬ್ಯಾಂಕಿಗಿಂತ ಅಲ್ಲಿಡುವುದೇ ಒಳ್ಳೆಯದಲ್ವಾ?

ಬೇಡ ಸರ್. ನಿಮ್ಮ ಸಂಬಂಧಿಕರು ಒಳ್ಳೆಯವರೇ ಇರಬಹುದು. ಆದರೆ ಸಾಲ ತೆಗೆದುಕೊಂಡವನು ಕಂತು ಕಟ್ಟುವುದು ಅವರ ಒಳ್ಳೆಯತನ ನೋಡಿ ಅಲ್ಲ. ನಿಮಗೆ ಶೇ 11 ಕೊಡಬೇಕಾದರೆ ಆ ಸಂಘ ಅದಕ್ಕಿಂತ ಸಾಕಷ್ಟು ಜಾಸ್ತಿ ಬಡ್ಡಿಗೆ ಸಾಲ ಕೊಡಲೇಬೇಕು. ಅಷ್ಟು ಬಡ್ಡಿ ಕೊಟ್ಟು ಸಾಲ ಮಾಡುವವರು ಯಾರು? ಬಹುಪಾಲು, ಬ್ಯಾಂಕು ಆಗಲ್ಲ ಅಂತ ವಾಪಸ್ ಕಳಿಸಿದವರು. ಅವರು ಕಟ್ಟದಿದ್ದರೆ ಸಿಕ್ಕಿಕೊಳ್ಳುವುದು ನಿಮ್ಮ ಹಣ.

ಇನ್ನೊಂದು ವಿಷಯವನ್ನು ಏಜೆಂಟರು ಹೇಳುವುದೇ ಇಲ್ಲ. ಬ್ಯಾಂಕಿನ ಠೇವಣಿಗೆ ವಿಮೆ ಇದೆ. 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷದವರೆಗೆ. ಸೌಹಾರ್ದ ಮತ್ತು ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಇಂಥ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಹಾಕಿಕೊಳ್ಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲೇ ಎಚ್ಚರಿಸಿದೆ. ವಿಮೆ ಇರುವ ಕಡೆಯೂ ಏನಾಗಬಹುದು ಎಂದು ಬೆಂಗಳೂರಿನವರಿಗೆ ಗೊತ್ತು. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಮದ್ದಿಗೆ, ಮನೆ ಖರ್ಚಿಗೆ ಆ ಬಡ್ಡಿಯನ್ನೇ ನಂಬಿದ್ದ ಹಿರಿಯರು ಬೀದಿಗೆ ಬಂದು ಕೇಳಬೇಕಾಯಿತು. ಅದನ್ನು ನೋಡಿದ ಮೇಲೂ ಈ ಪ್ರಶ್ನೆ ಬಂದರೆ ನನಗೆ ಸಿಟ್ಟು ಬರುತ್ತದೆ.

ಈಗ ಲೆಕ್ಕ ನೋಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಹಣ ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಸೊಸೈಟಿಯವರು ಕೊಡುವುದು ಇದಕ್ಕಿಂತ ತಿಂಗಳಿಗೆ 7,000 ಜಾಸ್ತಿ, ಅಷ್ಟೇ. ಅದಕ್ಕಾಗಿ ಮೂವತ್ತು ಲಕ್ಷ ಪಣಕ್ಕಿಡುತ್ತೀರಾ?

ನಿಮಗೆ ಇನ್ನೂ 60 ತುಂಬಿಲ್ಲ, ಆದರೂ ನಿವೃತ್ತರಿಗೆ ಅವಕಾಶ ಇದೆ. ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು. ಆ ಗಡುವು ದಾಟಿಸಬೇಡಿ. ಅವಧಿಗೆ ಮೊದಲು ಮುಚ್ಚಿದರೆ ದಂಡ ಬೀಳುತ್ತದೆ. ಆದ್ದರಿಂದ ಉಳಿದ 12 ಲಕ್ಷವನ್ನು ಮೂರು ಬ್ಯಾಂಕುಗಳಲ್ಲಿ ನಾಲ್ಕು ನಾಲ್ಕು ಲಕ್ಷ ಎಫ್‌ಡಿ ಮಾಡಿ. ಆಸ್ಪತ್ರೆ ಖರ್ಚಿಗೆ ಬೇಕಾದಾಗ ಅಲ್ಲಿಂದ ತೆಗೆಯಬಹುದು. ಮತ್ತೆ, ಎಷ್ಟು ಬಂತು ಅಂತ ಊರಿಗೆಲ್ಲ ಹೇಳಬೇಡಿ.

ಪ್ರಶ್ನೆ: 24 ವರ್ಷ, ಮೊದಲ ಕೆಲಸ. ಎಂಡೋಮೆಂಟ್ ಪಾಲಿಸಿ ಮಾಡಿಸು ಅಂತ ಮಾವ ಒತ್ತಾಯ ಮಾಡುತ್ತಿದ್ದಾರೆ.

ಮಾಡಿಸಬೇಡಿ. ಎಂಡೋಮೆಂಟ್ ಅಂದರೆ ವಿಮೆ, ಉಳಿತಾಯ ಎರಡನ್ನೂ ಸೇರಿಸಿದ ಪಾಲಿಸಿ. ನಿಮ್ಮ ದುಡಿಮೆಯನ್ನೇ ನಂಬಿದವರು ಮನೆಯಲ್ಲಿದ್ದರೆ ಟರ್ಮ್ ಪಾಲಿಸಿ, ಅಂದರೆ ಬರೀ ಜೀವವಿಮೆ, ಸಾಕು.

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ ಬರುವ ಶೇರು ಟಿಪ್ಸ್ ನಂಬಬಹುದಾ?

ಇವತ್ತೇ ಆ ಗುಂಪು ಬಿಡಿ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನ ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕೇಳುವ ಕನಿಷ್ಠ ಮೊತ್ತ, ತಪ್ಪದೆ ಕಟ್ಟುತ್ತಿದ್ದೇನೆ. ಸಾಕಲ್ವಾ?

ಸಾಲದು. ಉಳಿದ ಬಾಕಿಗೆ ಎಷ್ಟೋ ಕಾರ್ಡುಗಳು ತಿಂಗಳಿಗೇ ಶೇ 3ಕ್ಕಿಂತ ಹೆಚ್ಚು ಬಡ್ಡಿ ಹಾಕುತ್ತವೆ. ಬ್ಯಾಂಕಿನಲ್ಲಿ ಒಡವೆ ಸಾಲ ತೆಗೆದಾದರೂ ಪೂರ್ತಿ ತೀರಿಸಿ.

ಪ್ರಶ್ನೆ: ಹಣದ ವ್ಯವಹಾರವೆಲ್ಲ ಯಜಮಾನರದ್ದೇ. ನಾನು ಮೊದಲು ಏನು ಕಲಿಯಲಿ?

ಎಲ್ಲೆಲ್ಲಿ ಏನಿದೆ ಅನ್ನುವುದನ್ನು. ಯಜಮಾನರನ್ನು ಕೂರಿಸಿಕೊಂಡು ಖಾತೆ, ಪಾಲಿಸಿ, ಪಿಎಫ್, ಸಾಲ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಸಿ. ಸಾಲ ಬಿಟ್ಟು ಉಳಿದ ಪ್ರತಿಯೊಂದಕ್ಕೂ ನಾಮಿನಿ, ಅಂದರೆ ಅವರ ನಂತರ ಹಣ ಪಡೆಯಲು ಹೆಸರಿಸಿದವರು, ಯಾರೆಂದು ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಈಗಲೂ ಅತ್ತೆಯವರ ಹೆಸರೇ ಇರಬಹುದು. 2025ರ ನವೆಂಬರಿನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಹಾಗಾಗಿ ಅತ್ತೆಯವರ ಹೆಸರು ತೆಗೆಸದೆಯೇ ನಿಮ್ಮ ಹೆಸರನ್ನೂ ಸೇರಿಸಲು ಕೇಳಿ.