ಕಾನೂನು ಸಲಹೆ: ಪ್ರಮಾಣ ಮುದ್ರೆ ಯಾರಿಗೆ ಸಿಗುತ್ತದೆ, ಯಾರು ಕಾಯಬೇಕು?

ಪ್ರಶ್ನೆ: ಆಳಂದ ತಾಲ್ಲೂಕಿನಲ್ಲಿ ನಮ್ಮದೊಂದು ರೈತ ಉತ್ಪಾದಕರ ಕಂಪನಿ ಇದೆ. ಸದಸ್ಯರಿಂದ ತೊಗರಿ ಖರೀದಿಸಿ, ಬೇಳೆ ಮಾಡಿಸಿ, ನಮ್ಮ ಹೆಸರಿನಲ್ಲೇ ಮಾರುತ್ತೇವೆ. ಪಾಲಿಶ್ ಮಾಡದ, ಬೇರೆ ಕಡೆಯ ಮಾಲು ಬೆರೆಸದ ಬೇಳೆಗೆ ಪ್ರಮಾಣೀಕರಣ ಟ್ರೇಡ್‌ಮಾರ್ಕ್ (ಸರಕಿನ ಗುಣಕ್ಕೆ ಸಾಕ್ಷಿ ಹೇಳುವ ಪ್ರಮಾಣ ಮುದ್ರೆ) ಪಡೆದು, ಸುತ್ತಲಿನ ದಾಲ್ ಮಿಲ್ಲುಗಳಿಗೂ ಅದನ್ನು ಬಳಸಲು ಕೊಡಬೇಕೆಂದಿದ್ದೇವೆ. ಇದು ಸಾಧ್ಯವೇ?
— ಓದುಗರೊಬ್ಬರು, ಆಳಂದ

ಉತ್ತರ: ನಿಮ್ಮ ಉದ್ದೇಶ ಮೆಚ್ಚತಕ್ಕದ್ದು, ಆದರೆ ಕಂಪನಿಯು ಈಗಿರುವ ರೂಪದಲ್ಲಿ ಅರ್ಜಿ ಸಲ್ಲಿಸಿದರೆ ಅದು ನಿಲ್ಲುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 70ನೇ ಕಲಮಿನ ಪ್ರಕಾರ, ಯಾವ ಬಗೆಯ ಸರಕಿಗೆ ಪ್ರಮಾಣ ಕೊಡಬೇಕಾಗಿದೆಯೋ ಅದೇ ಬಗೆಯ ಸರಕಿನ ವ್ಯಾಪಾರದಲ್ಲಿ ತೊಡಗಿರುವವರ ಹೆಸರಿಗೆ ಪ್ರಮಾಣೀಕರಣ ಟ್ರೇಡ್‌ಮಾರ್ಕನ್ನು ನೋಂದಾಯಿಸುವಂತಿಲ್ಲ. ನೀವು ಬೇಳೆ ಮಾರುವವರು. ಹಾಗಾಗಿ ನಿಮ್ಮ ಬೇಳೆಯನ್ನೂ ಎದುರಾಳಿಯ ಬೇಳೆಯನ್ನೂ ಅಳೆಯುವ ತಕ್ಕಡಿ ನಿಮ್ಮ ಕೈಯಲ್ಲೇ ಇರಬಾರದು ಎಂಬುದು ಕಾನೂನಿನ ನಿಲುವು. ಇದು ಕಠಿಣವೆನಿಸಬಹುದು, ಆದರೆ ಈ ಮುದ್ರೆಯ ಮೇಲೆ ಗ್ರಾಹಕನಿಗಿರುವ ನಂಬಿಕೆಯೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ ಎಂದು ನಾನು ತಿಳಿದಿದ್ದೇನೆ. ಸೀರೆಯ ಮೇಲೆ ಕಾಣುವ ಸಿಲ್ಕ್ ಮಾರ್ಕನ್ನೇ ನೋಡಿ: ಅದು ಶುದ್ಧ ರೇಷ್ಮೆ ಎಂಬುದಕ್ಕೆ ಪ್ರಮಾಣವೇ ಹೊರತು ಯಾವುದೋ ಒಂದು ಅಂಗಡಿಯ ಹೆಸರಲ್ಲ, ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಂಸ್ಥೆಯೊಂದು ಅದನ್ನು ನಡೆಸುತ್ತದೆ, ಸೀರೆ ಮಾರುವವರು ಅದರ ಅನುಮತಿ ಪಡೆದು ಬಳಸುತ್ತಾರೆ.

ನಿಮ್ಮ ಮುಂದೆ ಎರಡು ದಾರಿಗಳಿವೆ. ವ್ಯಾಪಾರ ಮಾಡದ ಪ್ರತ್ಯೇಕ ಸಂಘವನ್ನೋ ಟ್ರಸ್ಟನ್ನೋ ರಚಿಸಿ, ಅದರ ಹೆಸರಿನಲ್ಲಿ ಪ್ರಮಾಣ ಮುದ್ರೆಗೆ ಅರ್ಜಿ ಹಾಕಿಸುವುದು ಒಂದು. ಬಳಕೆ ಸದಸ್ಯರಿಗಷ್ಟೇ ಸೀಮಿತವಾದರೆ ಸಾಕು ಎನ್ನುವುದಾದರೆ, ಇದೇ ಕಾಯ್ದೆಯ 61ರಿಂದ 68ನೇ ಕಲಮುಗಳಲ್ಲಿರುವ ಸಾಮೂಹಿಕ ಮುದ್ರೆಯ ಬಗ್ಗೆ ವಿಚಾರಿಸುವುದು ಇನ್ನೊಂದು. ಆದರೆ ಸಾಮೂಹಿಕ ಮುದ್ರೆಯು ಸರಕು ಆ ಸಂಘದ ಸದಸ್ಯರದ್ದೆಂದು ಹೇಳುತ್ತದೆಯೇ ಹೊರತು, ಹೊರಗಿನ ಮಿಲ್ಲಿನ ಬೇಳೆಗೆ ನೀವು ಅದನ್ನು ಹಚ್ಚಿಕೊಡಲಾಗದು. ಸುತ್ತಲಿನ ಮಿಲ್ಲುಗಳನ್ನೂ ಸೇರಿಸಿಕೊಳ್ಳುವ ಆಸೆ ಇರುವುದರಿಂದ ನಿಮಗೆ ಮೊದಲ ದಾರಿಯೇ ಸೂಕ್ತ.

ಅರ್ಜಿಯನ್ನು ಟಿಎಂ-ಎ ನಮೂನೆಯಲ್ಲಿ ಸಲ್ಲಿಸಬೇಕು. ಕರ್ನಾಟಕವು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಅರ್ಜಿಯ ಜೊತೆಗೆ ಇಡಬೇಕಾದ ನಿಯಮಾವಳಿಯ ಕರಡು. ಬಹಳಷ್ಟು ಸಂಘಗಳು ಚಿತ್ರಕಾರರನ್ನು ಕರೆಸಿ ಚೆಂದದ ಮುದ್ರೆ ಬರೆಸುವುದರಲ್ಲೇ ಉತ್ಸಾಹವನ್ನೆಲ್ಲ ಕಳೆದು, ನಿಯಮಾವಳಿಯನ್ನು ಎಲ್ಲಿಂದಲೋ ನಕಲು ಮಾಡಿ ಸೇರಿಸಿಬಿಡುತ್ತವೆ. 74ನೇ ಕಲಮು ಕೇಳುವುದು ಬೇರೆಯೇ: ಅರ್ಜಿದಾರರು ಯಾರು, ಅವರ ವ್ಯವಹಾರದ ಸ್ವರೂಪವೇನು, ಪರೀಕ್ಷೆಗೆ ಬೇಕಾದ ಸೌಕರ್ಯವೂ ತಾಂತ್ರಿಕ ಸಿಬ್ಬಂದಿಯೂ ಇದ್ದಾರೆಯೇ, ಹಣಕಾಸಿನ ವ್ಯವಸ್ಥೆ ಏನು, ಮುದ್ರೆಯು ಸರಕಿನ ಯಾವ ಗುಣವನ್ನು ಸೂಚಿಸುತ್ತದೆ, ಅದರ ಬಳಕೆಯ ಮೇಲೆ ನಿಗಾ ಇಡುವ ಬಗೆ ಯಾವುದು ಎಂಬುದೆಲ್ಲ ಅದರಲ್ಲಿ ಬರಬೇಕು. ಷರತ್ತು ಪೂರೈಸಿದ ಯಾರಿಗೂ ತಾರತಮ್ಯ ಮಾಡುವುದಿಲ್ಲ ಎಂಬ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಅಂದರೆ ನಿಮಗೆ ಬೇಡವಾದ ಮಿಲ್ ಮಾಲೀಕರೊಬ್ಬರ ಬೇಳೆ ನಿಮ್ಮ ಪರೀಕ್ಷೆಯಲ್ಲಿ ಪಾಸಾದರೆ ಅವರಿಗೂ ಮುದ್ರೆ ಕೊಡಲೇಬೇಕು. ಕೊಡದಿದ್ದರೆ ಅವರು ರಿಜಿಸ್ಟ್ರಾರರಿಗೆ ಮೇಲ್ಮನವಿ ಸಲ್ಲಿಸುವ ಅವಕಾಶವನ್ನೂ ನಿಯಮಾವಳಿಯಲ್ಲೇ ಸೇರಿಸುವಂತೆ ರಿಜಿಸ್ಟ್ರಾರರು ಕೇಳಬಹುದು. ಈ ಮಾತಿಗೆ ನಿಮ್ಮ ಸದಸ್ಯರೆಲ್ಲ ಸಭೆಯಲ್ಲಿ ಒಪ್ಪಿದ ಮೇಲೆಯೇ ಮುಂದುವರಿಯಿರಿ.

ಇನ್ನೊಂದು ಎಚ್ಚರಿಕೆ. 'ಕಲಬುರಗಿ ತೊಗರಿ' ಎಂಬ ಬರೀ ಪದಗಳನ್ನೇ ಮುದ್ರೆಯಾಗಿ ಕೇಳಬೇಡಿ. ಸಾಮಾನ್ಯ ಟ್ರೇಡ್‌ಮಾರ್ಕಿಗೆ ಅನ್ವಯಿಸುವ ಹಲವು ಕಲಮುಗಳಿಂದ ಪ್ರಮಾಣ ಮುದ್ರೆಗೆ ವಿನಾಯಿತಿ ಇದ್ದರೂ, ಕೇವಲ ಊರಿನ ಹೆಸರನ್ನೋ ಸರಕಿನ ವರ್ಣನೆಯನ್ನೋ ಹೇಳುವ ಮುದ್ರೆಗೆ 9ನೇ ಕಲಮಿನ ಆಕ್ಷೇಪ ಹಾಗೆಯೇ ಉಳಿದಿದೆ. ಅಲ್ಲದೆ ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಭೌಗೋಳಿಕ ಸೂಚಕದ (ಸರಕಿನ ಹೆಸರನ್ನು ಅದರ ನೆಲಕ್ಕೆ ಕಟ್ಟುವ ಜಿಐ ಟ್ಯಾಗ್) ನೋಂದಣಿ ದೊರೆತಿದೆ. ವಿಶಿಷ್ಟ ಚಿತ್ರವೋ ಹೊಸ ಹೆಸರೋ ಇರುವ ಮುದ್ರೆಯೇ ಕ್ಷೇಮ.

ಪ್ರಶ್ನೆ: ಬಿದರಿ ಕೆಲಸಕ್ಕೆ ಜಿಐ ಟ್ಯಾಗ್ ಬಂದು ಎಷ್ಟೋ ವರ್ಷವಾಯಿತು. ಆದರೂ ಬೆಳ್ಳಿಯ ಬದಲು ಬೇರೆ ಲೋಹದ ತಂತಿ ಕೂರಿಸಿದ ಸಾಮಾನು ಬಿದರಿ ಎಂದೇ ಮಾರಾಟವಾಗುತ್ತಿದೆ. ಪ್ರಮಾಣ ಮುದ್ರೆಯಿಂದ ನಮಗೆ ಹೆಚ್ಚಿನ ರಕ್ಷಣೆ ಸಿಗುವುದೇ?
— ಕುಶಲಕರ್ಮಿಯೊಬ್ಬರು, ಬೀದರ್

ಉತ್ತರ: ಎರಡೂ ಒಟ್ಟಿಗೆ ಇರಬಹುದು, ಆದರೆ ಕೆಲಸ ಬೇರೆ ಬೇರೆ. 2006ರಲ್ಲಿ ದೊರೆತ ಭೌಗೋಳಿಕ ಸೂಚಕವು ಬಿದರಿ ಎಂಬ ಹೆಸರನ್ನು ಈ ನೆಲಕ್ಕೂ ಇಲ್ಲಿನ ಕಸುಬಿಗೂ ಕಟ್ಟಿಹಾಕುತ್ತದೆ. ಪ್ರಮಾಣ ಮುದ್ರೆಯಾದರೋ ನಿಯಮಾವಳಿಯಲ್ಲಿ ಬರೆದಿಟ್ಟ ಗುಣಕ್ಕೆ, ಅಂದರೆ ಸತು-ತಾಮ್ರದ ಎರಕ, ಶುದ್ಧ ಬೆಳ್ಳಿಯ ತಂತಿ ಕೂರಿಸುವಿಕೆ, ಕೈಗೆತ್ತನೆ, ಕೋಟೆಯ ಮಣ್ಣು ಬಳಸಿ ಕಪ್ಪೇರಿಸುವ ವಿಧಾನ, ಇಂಥವುಗಳಿಗೆ ಒಂದೊಂದು ಸಾಮಾನಿನ ಮೇಲೆಯೇ ಸಾಕ್ಷಿ ನುಡಿಯಬಲ್ಲದು. ನಿಮ್ಮ ದೂರು ಬೆಳ್ಳಿಯ ಕುರಿತಾಗಿರುವುದರಿಂದ ಅದು ಉಪಯುಕ್ತವೇ.

ಆದರೆ ದಾವೆಯ ಹಕ್ಕಿನಲ್ಲಿ ದೊಡ್ಡ ವ್ಯತ್ಯಾಸವಿದೆ. ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡ ಕುಶಲಕರ್ಮಿಯು ತಾನೇ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋಗಬಹುದು. ಪ್ರಮಾಣ ಮುದ್ರೆಯಲ್ಲಿ ಹಾಗಿಲ್ಲ: ನೋಂದಾಯಿತ ಬಳಕೆದಾರನಿಗೆ ದಾವೆ ಹೂಡುವ ಹಕ್ಕು ಕೊಡುವ 52ನೇ ಕಲಮು ಇದಕ್ಕೆ ಅನ್ವಯಿಸದು, ಆದ್ದರಿಂದ ಮುದ್ರೆಯ ಒಡೆತನ ಹೊಂದಿದ ಸಂಸ್ಥೆಯೇ 75ನೇ ಕಲಮಿನಡಿ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯದಲ್ಲಿ ಹೂಡಿ, ತಡೆಯಾಜ್ಞೆಯನ್ನೂ ನಷ್ಟ ಪರಿಹಾರವನ್ನೂ ಕೋರಬೇಕಾಗುತ್ತದೆ. ಸಂಸ್ಥೆ ನಿದ್ದೆ ಹೋದರೆ ಮುದ್ರೆ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ ನೀವು ಇನ್ನೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರದಿದ್ದರೆ ಮೊದಲು ಆ ಕೆಲಸ ಮುಗಿಸಿ. ಹೊಸ ಮುದ್ರೆಯ ಮಾತು ಆಮೇಲೆ.

ಪ್ರಶ್ನೆ: ಪ್ರಮಾಣ ಮುದ್ರೆ ಇರುವ ದೊಡ್ಡ ಚೀಲದ ಬೇಳೆ ಕೊಂಡು, ಅದನ್ನು ಒಂದು ಕಿಲೋ ಪೊಟ್ಟಣಗಳಾಗಿ ಮಾಡಿ, ಅದೇ ಮುದ್ರೆ ಅಚ್ಚು ಹಾಕಿಸಿ ಮಾರಬಹುದೇ? ಮಾಲು ಅಸಲಿಯೇ.
— ವ್ಯಾಪಾರಿಯೊಬ್ಬರು, ನೆಹರು ಗಂಜ್, ಕಲಬುರಗಿ

ಉತ್ತರ: ಒಡೆತನದ ಸಂಸ್ಥೆಯ ನಿಯಮಾವಳಿ ಒಪ್ಪಿದರೆ ಮಾತ್ರ. ಮುದ್ರೆ ಹಚ್ಚಿದ ಮಾಲನ್ನು ಹಾಗೆಯೇ ಮಾರುವುದು ಉಲ್ಲಂಘನೆಯಲ್ಲ ಎಂದು 76ನೇ ಕಲಮು ಹೇಳುತ್ತದೆ, ಆದರೆ ನಿಯಮಾವಳಿಗೆ ವಿರುದ್ಧವಾಗಿ ಮುದ್ರೆಯನ್ನು ಹೊಸದಾಗಿ ಹಚ್ಚಿದವರಿಗೆ, ಮಾಲು ಅಸಲಿಯಾದರೂ, ಆ ರಕ್ಷಣೆ ಸಿಗುವುದಿಲ್ಲ. ರಿಜಿಸ್ಟ್ರಿಯಲ್ಲಿ ಇಟ್ಟಿರುವ ನಿಯಮಾವಳಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅಚ್ಚಿಗೆ ಕೊಡುವ ಮೊದಲು ಅದನ್ನು ಓದಿ, ಲಿಖಿತ ಅನುಮತಿ ಪಡೆದುಕೊಳ್ಳಿ.