ಜಿಲ್ಲೆ, ರಾಜ್ಯಗಳು ಸೇರಿ ಕೆಲಸ ಮಾಡಿದರೆ ಹೆಣ್ಣುಮಕ್ಕಳ ಮೇಲಿನ ಹಿಂಸೆ ನಿಜವಾಗಿ ಕಡಿಮೆ ಆಗುತ್ತಾ?

ನೀವು ಕೇಳಿದ್ದು ಇಷ್ಟು: ನೀವು ಗಂಗಾವತಿ ಕಡೆಯ ಗ್ರಾಮ ಪಂಚಾಯ್ತಿ ಸದಸ್ಯೆ. ಒಂದು ತರಬೇತಿಯಲ್ಲಿ ಇಡೀ ದಿನ ‘ಪ್ರಾದೇಶಿಕ ಸಹಕಾರ’, ‘ನೀತಿ’ ಅಂತ ಮಾತಾಡಿದರು. ಊರಿಗೆ ಬಂದ ಮೇಲೆ ‘ಕಾನೂನು ಇದೆ, ಠಾಣೆ ಇದೆ, ಪಕ್ಕದ ಜಿಲ್ಲೆಯವರ ಜೊತೆ ಕೂತು ಏನು ಮಾಡೋದು? ಇದೆಲ್ಲ ಸೆಮಿನಾರ್ ಮಾತಲ್ವಾ?’ ಅನ್ನಿಸಿದೆ.

ನಿಮ್ಮ ಅನುಮಾನ ಅರ್ಧ ಸರಿ ಇದೆ. ನಾನು ರಾಯಚೂರು ಜಿಲ್ಲೆಯಲ್ಲಿ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಒಂದು ಸಾಂತ್ವನ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಈಗ ಮಹಿಳಾ ಸಂಘಗಳ ಜೊತೆ ಕೆಲಸ ಮಾಡುತ್ತೇನೆ. ಬ್ಯಾನರ್ ಕಟ್ಟಿ, ಶಾಲು ಹೊದಿಸಿ, ಮಂಡಾಳು ಮಿರ್ಚಿ ತಿಂದು ಎದ್ದು ಬರುವ ಸಭೆಗಳನ್ನು ಸಾಕಷ್ಟು ನೋಡಿದ್ದೇನೆ. ಅವುಗಳಿಂದ ಒಂದು ಹೊಡೆತವೂ ತಪ್ಪಿಲ್ಲ. ಆದರೆ ನಮ್ಮ ಭಾಗದಲ್ಲಿ ಗಡಿಯಾಚೆಯವರ ಜೊತೆ ಕೆಲಸ ಮಾಡದೆ ಆಗುವುದೇ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಬೀಗತನ ನಕ್ಷೆ ನೋಡಿ ಆಗಿದ್ದಲ್ಲ. ಸಿರುಗುಪ್ಪದವರಿಗೆ ಆಂಧ್ರದ ಆದೋನಿಯಲ್ಲಿ ಬೀಗರು, ರಾಯಚೂರಿನವರಿಗೆ ತೆಲಂಗಾಣದ ಗದ್ವಾಲದಲ್ಲಿ, ಬಳ್ಳಾರಿಯವರಿಗೆ ಆಂಧ್ರದ ಗುಂತಕಲ್ಲು, ರಾಯದುರ್ಗದಲ್ಲಿ. ಬಳ್ಳಾರಿ 1953ರವರೆಗೆ ಮದ್ರಾಸಿನ ಕೈಯಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಗೆರೆ ಎಳೆದದ್ದು ಆಮೇಲೆ, ಸಂಬಂಧ ಮೊದಲಿನಿಂದಲೂ ಇದ್ದದ್ದು. ಮದುವೆಗೆ, ಗುಳೆಗೆ, ಜಾತ್ರೆಗೆ ಜನ ದಾಟುತ್ತಲೇ ಇರುತ್ತಾರೆ. ಹಿಂಸೆಯೂ ಅವರ ಜೊತೆಗೇ ದಾಟುತ್ತದೆ. ದಾಟದೆ ನಿಂತಿರುವುದು ನಮ್ಮ ಅಧಿಕಾರಿಗಳ ಜೀಪು ಮಾತ್ರ.

ಬಾಲ್ಯವಿವಾಹವನ್ನೇ ತೆಗೆದುಕೊಳ್ಳಿ. ನಾನು ಕೇಂದ್ರದಲ್ಲಿದ್ದಾಗ ಮಾನ್ವಿ ಕಡೆಯ ಒಬ್ಬ ಹುಡುಗಿಯ ವಿಷಯ ಬಂತು. ಹತ್ತನೇ ಕ್ಲಾಸು. ಅಂಗನವಾಡಿ ಟೀಚರ್ ಸುಳಿವು ಕೊಟ್ಟರು. ಅಧಿಕಾರಿಗಳು ಹೋದರು, ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡರು, ಫೋಟೋ ತೆಗೆಸಿಕೊಂಡರು. ಸ್ವಲ್ಪ ದಿನ ಬಿಟ್ಟು ತುಂಗಭದ್ರೆ ದಾಟಿ ಆಂಧ್ರದ ಸಂಬಂಧಿಕರ ಊರಲ್ಲಿ ಅಕ್ಷತೆ ಬಿತ್ತು. ಈ ಕಡೆ ಠಾಣೆಯವರು ‘ಮದುವೆ ಆಗಿದ್ದು ನಮ್ಮ ಲಿಮಿಟ್ಸ್‌ನಲ್ಲಿ ಅಲ್ಲ’ ಎಂದರು. ಆ ಕಡೆಯವರು ‘ಹುಡುಗಿ ನಿಮ್ಮವಳು, ನೀವೇ ನೋಡಿಕೊಳ್ಳಿ’ ಎಂದರು. ಇಬ್ಬರೂ ಗದರಿ ಮಾತಾಡಲಿಲ್ಲ. ಫೋನ್ ಎತ್ತಿದರು, ನಯವಾಗಿಯೇ ಉತ್ತರ ಕೊಟ್ಟರು. ಅಷ್ಟರಲ್ಲಿ ಹುಡುಗಿ ಗಂಡನ ಮನೆ ಸೇರಿದ್ದಳು.

ಇಲ್ಲಿ ಕಾನೂನಿನ ಒಂದು ವ್ಯತ್ಯಾಸ ಗೊತ್ತಿರಲಿ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ತಾನಾಗಿಯೇ ರದ್ದಾಗುವುದಿಲ್ಲ. ಮದುವೆಯಾದ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ವಯಸ್ಕಳಾಗಿ ಎರಡು ವರ್ಷ ತುಂಬುವವರೆಗೆ ಅವಕಾಶ. ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಇದನ್ನು ಬದಲಿಸಿತು. ಅದು ಜಾರಿಗೆ ಬಂದ ಮೇಲೆ ಆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇದು ಸುಮ್ನೆ ಬಂದದ್ದಲ್ಲ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಕೊಟ್ಟ ವರದಿಯ ಹಿಂದೆ ಮುಂದೆ ಎಷ್ಟೋ ಸಂಘಟನೆಗಳು ವರ್ಷಗಟ್ಟಲೆ ಓಡಾಡಿದ್ದವು. ನೀತಿ ಕೆಲಸ ಅಂದರೆ ಇದೇ. ಆದರೆ ತುಂಗಭದ್ರೆಯ ಆಚೆ ದಡದಲ್ಲಿ ನಮ್ಮ ತಿದ್ದುಪಡಿ ಇಲ್ಲ, ಅಲ್ಲಿ ನಡೆಯುವುದು ಕೇಂದ್ರ ಕಾಯ್ದೆಯೇ. ಆಚೆ ಹೋಗಿ ತಾಳಿ ಕಟ್ಟಿಸುವವರಿಗೆ ಇಷ್ಟು ಕಾನೂನು ಗೊತ್ತಿರಲಿಕ್ಕಿಲ್ಲ. ಅಲ್ಲಿ ಯಾರೂ ತಡೆಯುವುದಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಹಾಗಾದರೆ ದಾರಿ ಇಲ್ಲವಾ? ಇದೆ, ಮತ್ತು ಅದು ಅದೇ ಕೇಂದ್ರ ಕಾಯ್ದೆಯಲ್ಲೇ ಇದೆ. 13ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ಕೊಡಬಹುದು. ಅರ್ಜಿಯನ್ನು ಬಾಲ್ಯವಿವಾಹ ನಿಷೇಧಾಧಿಕಾರಿಯೇ ಕೊಡಬೇಕೆಂದಿಲ್ಲ, ಯಾರು ಬೇಕಾದರೂ ದೂರು ಕೊಡಬಹುದು. ತಡೆಯಾಜ್ಞೆ ಮೀರಿ ಮಾಡಿದ ಮದುವೆ 14ನೇ ಕಲಂ ಪ್ರಕಾರ ಅಸಿಂಧು. ಇದು ಕೇಂದ್ರ ಕಾಯ್ದೆಯಾದ್ದರಿಂದ ಆಂಧ್ರಕ್ಕೆ ಹೋದರೂ, ತೆಲಂಗಾಣಕ್ಕೆ ಹೋದರೂ ಬೆನ್ನು ಬಿಡುವುದಿಲ್ಲ. ಅಂದರೆ ಮುಚ್ಚಳಿಕೆಗಿಂತ ತಡೆಯಾಜ್ಞೆ ಎಷ್ಟೋ ಗಟ್ಟಿ. ಆದರೂ ನಮ್ಮಲ್ಲಿ ಮುಚ್ಚಳಿಕೆಯೇ ಜಾಸ್ತಿ. ಯಾಕೆಂದರೆ ಅದಕ್ಕೆ ಒಂದು ಬಿಳಿ ಹಾಳೆ ಸಾಕು, ತಡೆಯಾಜ್ಞೆಗೆ ಕೋರ್ಟಿಗೆ ಹೋಗಬೇಕು.

ಇನ್ನೊಂದು ಮಾತು. ಮದುವೆ ಅಸಿಂಧು ಎಂದು ಬರೆದ ಮಾತ್ರಕ್ಕೆ ಹುಡುಗಿಗೆ ಊಟ, ಓದು ಬರುವುದಿಲ್ಲ. ಮರುದಿನವೇ ಹಾಸ್ಟೆಲ್ ಸೀಟು ಸಿಗಬೇಕು. ಸಿಗದಿದ್ದರೆ ಅವಳು ಮತ್ತೆ ಅದೇ ಮನೆಗೆ ಹೋಗುತ್ತಾಳೆ.

ದೊಡ್ಡವರ ವಿಷಯಕ್ಕೆ ಬರೋಣ. ಗುಳೆ ಹೋದ ದೇವದುರ್ಗದ ಹೆಣ್ಣುಮಗಳು ಬೆಂಗಳೂರಿನ ಶೆಡ್ಡಿನಲ್ಲಿ ಗಂಡನಿಂದ ಹೊಡೆಸಿಕೊಂಡು, ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ‘ಹೊಡೆದದ್ದು ಬೆಂಗಳೂರಲ್ಲಿ, ಅಲ್ಲೇ ದೂರು ಕೊಡಮ್ಮ’ ಅನ್ನುವುದು ಅವಳು ಕೇಳುವ ಮೊದಲ ಮಾತು. ಇದು ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 27ನೇ ಕಲಂ ಪ್ರಕಾರ ಅವಳು ತಾತ್ಕಾಲಿಕವಾಗಿ ಉಳಿದಿರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಅಲ್ಲಿ ಸಿಕ್ಕ ಆದೇಶ ಇಡೀ ದೇಶಕ್ಕೆ ಅನ್ವಯ. ಗಂಡನ ಮನೆಯ ಕ್ರೌರ್ಯದ ಕ್ರಿಮಿನಲ್ ದೂರನ್ನೂ ಆಶ್ರಯ ಪಡೆದ ಊರಿನಲ್ಲಿ ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಠಾಣೆಯವರು ಮಾಹಿತಿ ದಾಖಲಿಸಿಕೊಳ್ಳಬೇಕು. ಜನ ಇದಕ್ಕೆ ಜೀರೋ ಎಫ್‌ಐಆರ್ ಅನ್ನುತ್ತಾರೆ. ಅಂದರೆ ಕಾನೂನು ಆಗಲೇ ಗಡಿ ದಾಟಿದೆ. ದೂರು ಬರೆದುಕೊಂಡ ಮೇಲೆ ಅದು ಆಚೆ ಠಾಣೆಗೆ ಮುಟ್ಟಿತಾ, ಸಮನ್ಸ್ ಗಂಡನ ಕೈಗೆ ಹೋಯಿತಾ, ಇದನ್ನು ಬೆನ್ನುಹತ್ತಿ ಕೇಳುವವರಿಲ್ಲ. ಸಹಕಾರ ಬೇಕಿರುವುದು ಇಲ್ಲಿ.

ನನ್ನ ಪ್ರಕಾರ ಒಳ್ಳೆಯ ಪ್ರಾದೇಶಿಕ ಸಹಕಾರ ಅಂದರೆ ತೀರಾ ಸಪ್ಪೆ ಕೆಲಸ. ಆಚೆ ತಾಲೂಕಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಹುಡುಗಿಯನ್ನು ಕರೆತರುವ ಗಾಡಿಯ ಡೀಸೆಲ್ ಯಾರ ಲೆಕ್ಕದಲ್ಲಿ, ರಾತ್ರಿ ಅವಳು ಎಲ್ಲಿ ಮಲಗಬೇಕು, ತೆಲುಗಿನಲ್ಲಿ ಬಂದ ಕಾಗದ ಓದುವವರು ಯಾರು. ಇವು ಆದೇಶದಲ್ಲಿ ಬರೆದಿರಬೇಕು. ಬಾಯಿಮಾತಿನಲ್ಲಿದ್ದರೆ ಒಳ್ಳೆಯ ಅಧಿಕಾರಿ ವರ್ಗವಾದ ದಿನ ಅವರ ಜೊತೆಗೇ ಹೋಗುತ್ತದೆ.

ಇದು ಆಗದ ಕೆಲಸ ಅಂತ ಯಾರಾದರೂ ಅಂದರೆ ಚುನಾವಣೆ ನೆನಪಿಸಿ. ಚುನಾವಣೆ ಬಂದರೆ ಸಾಕು, ಗಡಿಯಲ್ಲಿ ಚೆಕ್‌ಪೋಸ್ಟ್ ಏಳುತ್ತದೆ, ಎರಡೂ ರಾಜ್ಯದ ಪೊಲೀಸರು ಕೂತು ಗಡಿ ಸಭೆ ಮಾಡುತ್ತಾರೆ, ಹೆಂಡ, ರೊಕ್ಕ ಎಲ್ಲಿಂದ ಬರುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅದೇ ಸಭೆಯ ಪಟ್ಟಿಯಲ್ಲಿ ಮದುವೆಗೆ ದಾಟಿಸಿದ ಹುಡುಗಿಯರು, ಕಾಣೆಯಾದ ಹೆಂಗಸರು ಅಂತ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಾಗಿಲ್ಲ.

ಹೆಂಡದ ಮಾತು ಬಂತಲ್ಲ. ಕುಡಿಯದವರೂ ಹೊಡೆಯುತ್ತಾರೆ, ಹಾಗಾಗಿ ಎಲ್ಲಕ್ಕೂ ಹೆಂಡವೇ ಕಾರಣ ಅಂತ ನಾನು ಒಪ್ಪಲ್ಲ. ಆದರೆ ಸಂಜೆ ಕಿರಾಣಿ ಅಂಗಡಿಯಲ್ಲೇ ಪ್ಯಾಕೆಟ್ ಸಿಗುವ ಊರಿನಲ್ಲಿ ರಾತ್ರಿಗಳು ಬೇರೆಯೇ ಥರ ಇರುತ್ತವೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ವಿರುದ್ಧ ಎದ್ದರು, ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ ನಿಂತಿದ್ದು 2007ರ ಜುಲೈಯಲ್ಲಿ. 2019ರ ಜನವರಿಯಲ್ಲಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಕ್ಕಾಗಿ ಕಾಲ್ನಡಿಗೆ ಹೊರಟಾಗ ನಮ್ಮ ರಾಯಚೂರಿನವರು ಮುಂದೆ ಇದ್ದರು. ಆದರೆ ಒಂದು ಕಡೆ ಬಿಗಿ ಮಾಡಿ ಇನ್ನೊಂದು ಕಡೆ ಸಡಿಲ ಬಿಟ್ಟರೆ ಏನಾಗುತ್ತದೆ ಅಂತ ಗಡಿಯವರಾದ ನಮಗೆ ಗೊತ್ತು. ನಮ್ಮ ಟೆಟ್ರಾ ಪ್ಯಾಕೆಟ್‌ಗಳು ಕರ್ನೂಲು, ಅನಂತಪುರಕ್ಕೆ ಬೈಕಿನಲ್ಲಿ ಹೋದ ಕಥೆ ಪೇಪರಿನಲ್ಲಿ ಎಷ್ಟು ಸಲ ಬಂದಿಲ್ಲ!

ದೇವದಾಸಿ ಪದ್ಧತಿಯದೂ ಇದೇ ಕಥೆ. ಕರ್ನಾಟಕ ನಿಷೇಧ ಕಾಯ್ದೆ ಮಾಡಿದ್ದು 1982ರಲ್ಲಿ, ಆಂಧ್ರ ಮಾಡಿದ್ದು 1988ರಲ್ಲಿ. ಇಲ್ಲಿ ದೇವದಾಸಿ ಅಥವಾ ಬಸವಿ, ಅಲ್ಲಿ ಜೋಗಿನಿ. ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವರಿಗೆ ಬಿಡುವುದು, ಈಗ ಹುಲಿಗಿಯಂಥ ದೊಡ್ಡ ಜಾತ್ರೆಯ ನಡುವೆ ಕಣ್ಣಿಗೆ ಬೀಳುವುದು ಕಷ್ಟ, ಅಲ್ಲಿ ಪೊಲೀಸರು, ಸ್ವಯಂಸೇವಕರು ಇರುತ್ತಾರೆ. ಕದ್ದು ಮಾಡುವವರು ಪರಿಚಯ ಇಲ್ಲದ ಊರು ಹುಡುಕುತ್ತಾರೆ.

ಹೊರದೇಶದ ಉದಾಹರಣೆ ಒಂದೇ ಹೇಳುತ್ತೇನೆ, ಯಾಕೆಂದರೆ ಅದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಬ್ರೆಜಿಲ್‌ನ ಮರಿಯಾ ದ ಪೆನ್ಯ ಎಂಬುವರಿಗೆ 1983ರಲ್ಲಿ ಗಂಡ ಗುಂಡು ಹೊಡೆದ. ಅವರು ನಡೆಯಲಾರದಂತಾದರು. ಹದಿನೈದು ವರ್ಷವಾದರೂ ಅವನು ಹೊರಗೇ ಇದ್ದ. ಅಮೆರಿಕ ಖಂಡದ ದೇಶಗಳು 1994ರಲ್ಲಿ ಹೆಣ್ಣುಮಕ್ಕಳ ಮೇಲಿನ ಹಿಂಸೆ ತಡೆಯಲು ಒಂದು ಒಪ್ಪಂದ ಮಾಡಿಕೊಂಡಿದ್ದವು. 1998ರಲ್ಲಿ ಆ ದೇಶಗಳ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋಯಿತು. 2001ರಲ್ಲಿ ಆಯೋಗ ‘ತಪ್ಪು ಬ್ರೆಜಿಲ್ ಸರ್ಕಾರದ್ದೂ ಹೌದು’ ಎಂದಿತು. 2002ರಲ್ಲಿ ಗಂಡ ಜೈಲಿಗೆ ಹೋದ, 2006ರಲ್ಲಿ ಅವರ ಹೆಸರಿನಲ್ಲೇ ಕಾಯ್ದೆ ಬಂತು. ಮನೆಯವರು ಕೇಳದಿದ್ದಾಗ ಓಣಿಯವರೆಲ್ಲ ಬಂದು ಬಾಗಿಲಲ್ಲಿ ನಿಂತ ಹಾಗೆ. ನಮ್ಮ ದಕ್ಷಿಣ ಏಷ್ಯಾದಲ್ಲಿ ಅಂಥ ಬಾಗಿಲು ಇಲ್ಲ. 2002ರ ಸಾರ್ಕ್ ಒಪ್ಪಂದ ವೇಶ್ಯಾವಾಟಿಕೆಗಾಗಿ ನಡೆಯುವ ಸಾಗಾಣಿಕೆ ಅಷ್ಟನ್ನೇ ನೋಡುತ್ತದೆ.

ಭಾರತದಲ್ಲೂ ಹೊರಗಿನ ಒಪ್ಪಂದ ಒಮ್ಮೆ ದೊಡ್ಡದಾಗಿ ಕೆಲಸಕ್ಕೆ ಬಂದಿದೆ. ರಾಜಸ್ಥಾನದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಲೈಂಗಿಕ ದಾಳಿಗೆ ಒಳಗಾದ ಮೇಲೆ ಬಂದದ್ದು ವಿಶಾಖಾ ಪ್ರಕರಣ. 1997ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನೇ ಆಧಾರ ಮಾಡಿಕೊಂಡಿತು. ಅದರಿಂದ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂತು. ಇದು ಆಫೀಸಿನವರಿಗೆ ಮಾತ್ರ ಅಂತ ನಮ್ಮವರು ತಿಳಿದಿದ್ದಾರೆ. ನಿಮ್ಮ ಗಂಗಾವತಿ ಭಾಗಕ್ಕೆ ಭತ್ತದ ನಾಟಿಗೆ ಗುಂಪು ಕಟ್ಟಿಕೊಂಡು ಬರುವ ಹೆಂಗಸರಿಗೆ ಮೇಸ್ತ್ರಿ ಕಿರುಕುಳ ಕೊಟ್ಟರೂ ಇದೇ ಕಾಯ್ದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯವರು, ಮಾಲೀಕನ ಮೇಲೆಯೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತಾಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ಬಂದ ದೂರನ್ನು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ನಿಮ್ಮ ತಾಲೂಕಿನ ನೋಡಲ್ ಅಧಿಕಾರಿ ಯಾರು ಅಂತ ನಾಳೆಯೇ ಕೇಳಿ ನೋಡಿ.

‘ಕಡಿಮೆ ಆಗುತ್ತಾ’ ಅಂದಿರಲ್ಲ, ಅಲ್ಲಿ ಒಂದು ಎಚ್ಚರಿಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತ ಹೆಂಗಸರು 2015-16ರಲ್ಲಿ ಶೇ. 20.6 ಇದ್ದರು. 2019-21ರಲ್ಲಿ ಶೇ. 44.4 ಆದರು, ದೇಶದ ಸರಾಸರಿ ಶೇ. 29ರ ಆಸುಪಾಸು. ಹೊಡೆತ ಜಾಸ್ತಿ ಆಯಿತೋ, ಬಾಯಿ ಬಿಟ್ಟು ಹೇಳುವವರು ಜಾಸ್ತಿ ಆದರೋ, ಈ ಅಂಕಿಯೊಂದರಿಂದಲೇ ಹೇಳಲಾಗದು. ನಿಮ್ಮ ಕೆಲಸ ಚೆನ್ನಾಗಿ ನಡೆದರೆ ಮೊದಲ ವರ್ಷ ದೂರುಗಳು ಏರುತ್ತವೆ. ಆಗ ‘ನಿಮ್ಮಿಂದ ಊರಿನ ಮಾನ ಹೋಯಿತು’ ಅನ್ನುತ್ತಾರೆ. ಆ ಮಾತಿಗೆ ಕೆಲಸ ನಿಲ್ಲಿಸಬೇಡಿ.

ಸದಸ್ಯೆಯಾಗಿ ನಿಮ್ಮ ಕೈಯಲ್ಲಿ ಏನಿದೆ ಅಂದರೆ, ಮೊದಲು ಹೆಣ್ಣುಮಕ್ಕಳು, ಮಕ್ಕಳ ರಕ್ಷಣೆಗೆಂದು ಇರುವ ನಿಮ್ಮ ಪಂಚಾಯ್ತಿಯ ಕಾವಲು ಸಮಿತಿ ಕಾಗದದ ಮೇಲಾದರೂ ಇದೆಯಾ ನೋಡಿ. ಕೊನೆಯ ಸಭೆ ಯಾವಾಗ ಆಯಿತು ಎಂದು ಪಿಡಿಒ ಅವರನ್ನು ಕೇಳಿ. ಅವರೂ ಬಾಲ್ಯವಿವಾಹ ನಿಷೇಧಾಧಿಕಾರಿಯೇ. ಗುಳೆ ಹೋಗುವ ಕುಟುಂಬಗಳ ಹೆಣ್ಣುಮಕ್ಕಳು ಯಾವ ಊರಿಗೆ, ಯಾವ ಮೇಸ್ತ್ರಿ ಜೊತೆ ಹೋದರು ಅಂತ ಒಂದು ವಹಿ ಇಡಿಸಿ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರ ನಂಬರ್ ಮತ್ತು ಸಹಾಯವಾಣಿಗಳಾದ 181 (ಮಹಿಳೆಯರಿಗೆ), 1098 (ಮಕ್ಕಳಿಗೆ), 112 (ತುರ್ತಿಗೆ) ಇವನ್ನು ನೀರಿನ ಟ್ಯಾಂಕಿನ ಮೇಲೆ ಬರೆಸಿ. ಪಂಚಾಯ್ತಿ ಗೋಡೆಯ ಮೇಲೆ ಬೇಡ, ಅಲ್ಲಿ ಗಂಡಸರೇ ಕೂತಿರುತ್ತಾರೆ.

ಎರಡನೆಯದು ಠರಾವು. ನೀವು ಮತ್ತು ಪಕ್ಕದ ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆಯ ನಾಲ್ಕೈದು ಪಂಚಾಯ್ತಿಗಳು ಒಂದೇ ಮಾತಿನ ಠರಾವು ಮಾಡಿ. ಎರಡೇ ಬೇಡಿಕೆ ಸಾಕು: ಗಡಿ ಸಭೆಯ ಪಟ್ಟಿಯಲ್ಲಿ ಈ ವಿಷಯ ಸೇರಬೇಕು, ಮತ್ತು ಮುಚ್ಚಳಿಕೆಯ ಜೊತೆಗೇ ತಡೆಯಾಜ್ಞೆಗೆ ಅರ್ಜಿ ಹೋಗಬೇಕು. ಪ್ರತಿಯನ್ನು ಬಳ್ಳಾರಿ ವಲಯದ ಐಜಿಪಿ ಅವರಿಗೆ, ನಿಮ್ಮ ಜಿಲ್ಲಾಧಿಕಾರಿಗೆ ಕಳಿಸಿ. ಹಿಂಸೆಗೆ ಒಳಗಾದವರಿಗೆ ನೆರವು ಕೊಡುವ ಸಖಿ ಕೇಂದ್ರದಲ್ಲಿ ಹೆಣ್ಣುಮಗಳನ್ನು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಐದು ದಿನದವರೆಗೆ ಮಾತ್ರ. ಆಮೇಲೆ ಅವಳು ಎಲ್ಲಿರಬೇಕು? ಅದಕ್ಕೆ ಬೇಕಾದ ಕಟ್ಟಡವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಕೇಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಹೋರಾಟದ ಫಲವಾಗಿ ಬಂದ ಮಂಡಳಿ ಅದು, ರಸ್ತೆ, ಚರಂಡಿಗೆ ಮಾತ್ರ ಅಂತ ಯಾರೂ ಬರೆದಿಟ್ಟಿಲ್ಲ. ಶಾಸಕರ ಹತ್ತಿರ ಹೋಗುವಾಗ ಒಬ್ಬರೇ ಹೋಗಬೇಡಿ, ಸಂಘದ ಹೆಂಗಸರು ಜೊತೆಗಿರಲಿ. ಕರ್ನಾಟಕದೊಳಗೆ ಜೀರೋ ಟಿಕೆಟ್ ಇದೆಯಲ್ಲ, ಅದೂ ಒಂದು ಅನುಕೂಲ. ಕೋರ್ಟಿನ ತಾರೀಖಿಗೆ ಗಂಡನ ಹತ್ತಿರ ಬಸ್ ಚಾರ್ಜ್ ಕೇಳಬೇಕಾದ ಸ್ಥಿತಿ ಅದರಿಂದ ತಪ್ಪಿದೆ.

ಇದನ್ನೆಲ್ಲ ಯುಗಾದಿಗೆ ಮೊದಲೇ ಮಾಡಿ ಮುಗಿಸಿ. ಅಕ್ಷಯ ತೃತೀಯ ಹತ್ತಿರ ಬಂದ ಮೇಲೆ ಠರಾವಿಗೆ ಸಹಿ ಹಾಕುವವರು ಸಿಗುವುದಿಲ್ಲ. ಆಗ ಸದಸ್ಯರಲ್ಲೇ ಅರ್ಧ ಜನ ಬೀಗರಾಗಿರುತ್ತಾರೆ.