ಗೈಡೆಡ್ ಧ್ಯಾನದಲ್ಲಿ, ಅಂದರೆ ರೆಕಾರ್ಡಿಂಗಿನ ಧ್ವನಿ ಹೇಳಿದಂತೆ ಮಾಡುವ ಧ್ಯಾನದಲ್ಲಿ, ಕೇಳಿಸುವ ಮಾತು ಮನಸ್ಸನ್ನು ಶಾಂತ ಮಾಡುತ್ತಾ, ಇನ್ನಷ್ಟು ಕದಡುತ್ತಾ?

ಶುರುವಿನಲ್ಲಿ ಸಹಾಯ ಮಾಡುತ್ತದೆ. ಮನಸ್ಸು ತಣ್ಣಗಾದ ಮೇಲೆ ಅದೇ ಅಡ್ಡಿ.

ತಲೆಯೊಳಗಿನ ವಟವಟ ಎಷ್ಟೋ ಸಲ ಮಾತಿನ ರೂಪದಲ್ಲಿ ಇರುತ್ತದೆ. ಕಿವಿಗೆ ಬಿದ್ದ ಮಾತನ್ನು ಒಂದೆರಡು ಕ್ಷಣ ಹಿಡಿದಿಡುವುದಕ್ಕೂ, ಒಳಗೊಳಗೇ ಮಾತಾಡಿಕೊಳ್ಳುವುದಕ್ಕೂ ಮೆದುಳು ಬಳಸುವುದು ಒಂದೇ ಜಾಗವನ್ನು. ಆ ಜಾಗ ತೀರಾ ಚಿಕ್ಕದು. ಬ್ಯಾಡ್ಲಿ ಮತ್ತು ಹಿಚ್ ಎಂಬ ಮನಃಶಾಸ್ತ್ರಜ್ಞರು 1974ರಲ್ಲಿ ಮುಂದಿಟ್ಟ 'ವರ್ಕಿಂಗ್ ಮೆಮೊರಿ', ಅಂದರೆ ಆ ಕ್ಷಣದ ಕೆಲಸಕ್ಕೆ ಬೇಕಾದ ನೆನಪಿನ ಮಾದರಿ, ಇದನ್ನೇ ಹೇಳುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೂ ಆಫೀಸಿನ ಜಗಳ ತಲೆಯಲ್ಲಿ ಓಡುತ್ತಿರುತ್ತದೆ ಅಲ್ವಾ? ಇಯರ್‌ಫೋನಿನ ಧ್ವನಿ ಆ ಜಾಗ ಹಿಡಿದುಬಿಡುತ್ತದೆ. ಜಗಳಕ್ಕೆ ಸೀಟಿಲ್ಲ.

ಆದರೆ ಉಸಿರು ನಿಧಾನವಾಗಿ, ಸುಮ್ನೆ ಕೂತಿರುವ ಹೊತ್ತಿಗೆ "ಈಗ ಗಮನವನ್ನು ಎಡಗಾಲಿನ ಹೆಬ್ಬೆರಳಿಗೆ ತನ್ನಿ" ಅಂದರೆ? ಮನಸ್ಸು ಎದ್ದು ಹೆಬ್ಬೆರಳು ಹುಡುಕಲು ಹೊರಡುತ್ತದೆ. ಗೊತ್ತಿರುವ ಭಾಷೆಯನ್ನು ಬರೀ ಸದ್ದಾಗಿ ಕೇಳಲು ಆಗುವುದಿಲ್ಲ, ಅರ್ಥ ತಾನಾಗಿ ಆಗುತ್ತದೆ. ಜೊತೆಗೆ ಹಿನ್ನೆಲೆಯಲ್ಲಿ ಕೊಳಲು ಬೇರೆ, ನನಗಂತೂ ಅದು ಬೇಡವೇ ಬೇಡ.

ಮೊದಲ ಐದು ನಿಮಿಷ ಮಾತಾಡಿ, ಆಮೇಲೆ ಸುಮ್ಮನಾಗುವ ರೆಕಾರ್ಡಿಂಗ್ ಹುಡುಕಿ. ಆತಂಕ ಜಾಸ್ತಿ ಇರುವ ದಿನ ಪೂರ್ತಿ ಮಾತಿರುವುದನ್ನೇ ಹಾಕಿಕೊಳ್ಳಿ, ತಪ್ಪಿಲ್ಲ.